ಶಿವಬಸವ್ವನವರ ವ್ಯಾನು ತಣ್ಣಗಾದ ಬಗೆ

ಅಮೆರಿಕದ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗಿರುವ ಶಿವಬಸವ್ವ ಪಾಟೀಲರ ಕೆಲಸವೆಂದರೆ ಅನಿಲವನ್ನು ತಣ್ಣಗೆ ಮಾಡುವುದು. ನೆಲದೊಳಗಿಂದ ತೆಗೆದ ಅನಿಲವನ್ನು ಸೊನ್ನೆಗಿಂತ ನೂರ ಅರವತ್ತೆರಡು ಡಿಗ್ರಿ ಕೆಳಗಿಳಿಸಿದರೆ ಅದು ನೀರಿನ ಹಾಗೆ ದ್ರವವಾಗುತ್ತದಂತೆ. ಆಮೇಲೆ ಹಡಗಿಗೆ ತುಂಬಿ ಜಪಾನಿಗೂ ಕೊರಿಯಾಕ್ಕೂ ಕಳಿಸಬಹುದಂತೆ. ಅಂಥ ದೈತ್ಯ ಸ್ಥಾವರಗಳ ನಕ್ಷೆಯನ್ನು ಅವರು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿದ್ದರು. ಅವರ ಲೆಕ್ಕ ತಪ್ಪಿದ್ದನ್ನು ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲ. ತಂದೆ ಗದಗಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವರು. ಮಗಳಿಗೂ ಆ ಕಣ್ಣು ಬಂದಿತ್ತು. ನಾವು ಕಳಿಸಿದ ಸತ್ಯನಾರಾಯಣ ಪೂಜೆಯ ಕರೆಯೋಲೆಯನ್ನೂ ಅವರು ಎರಡು ಕಡೆ ತಿದ್ದಿ ವಾಪಸು ಕಳಿಸಿ, ಆಮೇಲೆ ಊಟಕ್ಕೆ ಬಂದಿದ್ದರು.

ಶಿವಬಸವ್ವ ಅನ್ನುವುದು ಅವರ ಅಜ್ಜಿಯ ಹೆಸರು. ಆಫೀಸಿನಲ್ಲಿ ಅದು ಶಿವಾ ಎಂದು ತುಂಡಾಗಿತ್ತು. ಪಟ್ಟಿಯಲ್ಲಿ ಶಿವಾ ಎಂದು ಓದಿದವರು ಗಂಡಸೆಂದೇ ತಿಳಿದು, ಮರುಭೂಮಿಯ ಸ್ಥಾವರಗಳಿಗೆ ಹೋದಾಗ ಎರಡು ಸಲ ಅವರಿಗೆ ಗಂಡಸರ ಬಿಡಾರದಲ್ಲಿ ಮಂಚ ಹಾಕಿಸಿದ್ದರು. ಎರಡನೆಯ ಸಲ ಅವರು ನನ್ನ ಮಂಚ ಬದಲಿಸಿ ಎನ್ನಲಿಲ್ಲ. ಈ ಗಂಡಸರನ್ನು ಬದಲಿಸಿ ಎಂದರು. ಬದಲಿಸಿದರು.

ಗಂಡ ಚಿದಾನಂದ ಅವರದು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ, ಮನೆಯಿಂದಲೇ. ಆಫೀಸಿನವರ ಪಾಲಿಗೆ ದಿನಕ್ಕೆ ಮೂವತ್ತು ತಪ್ಪು ಹುಡುಕುತ್ತಿದ್ದ ಅವರು ಮನೆಯಲ್ಲಿ ಮಾತ್ರ ಒಂದನ್ನೂ ಹುಡುಕಿದವರಲ್ಲ. ಒಬ್ಬಳೇ ಮಗಳು ಸಾನ್ವಿ, ಹದಿಮೂರು ವರ್ಷ. ನನ್ನ ಮಗಳು ಸಂಹಿತಾಳ ಜೊತೆಯವಳು.

ಎರಡು ಸಾವಿರದ ಹದಿನಾಲ್ಕರ ಜೂನ್ ತಿಂಗಳಲ್ಲಿ ಅವರ ವ್ಯಾನಿನ ಏಸಿ ಬಿಸಿಗಾಳಿ ಊದತೊಡಗಿತು. ಬಿಸ್ಕತ್ತಿನ ಬಣ್ಣದ, ಎಂಟು ಜನ ಕೂರುವ, ಹನ್ನೊಂದು ವರ್ಷ ಹಳೆಯ ವ್ಯಾನು. ಹ್ಯೂಸ್ಟನ್ನಿನ ಜೂನಿನಲ್ಲಿ ಏಸಿಯಿಲ್ಲದ ಗಾಡಿ ಎಂದರೆ ಇಡ್ಲಿ ಪಾತ್ರೆಗೆ ನಾಲ್ಕು ಚಕ್ರ ಹಚ್ಚಿದ ಹಾಗೆ. ನಾನು ಸಹಜವಾಗಿಯೇ, "ಗ್ಯಾರೇಜಿಗೆ ಬಿಡಬಾರದಾ?" ಅಂದೆ.

"ಮಧುರಾ ಅವರ, ನಾ ಏನ್ ಕೆಲಸಾ ಮಾಡ್ತೇನಿ?"

"ಗ್ಯಾಸ್ ತಣ್ಣಗೆ ಮಾಡ್ತೀರಿ."

"ಈ ಗಾಡ್ಯಾಗ ಇರೂದೇನು?"

"ಗ್ಯಾಸು."

"ಅದು ಏನ್ ಆಗಬೇಕು?"

"ತಣ್ಣಗಾಗಬೇಕು."

"ಮತ್ತ?"

ಗ್ಯಾರೇಜಿನ ಮಾತು ಅಲ್ಲಿಗೇ ಮುಗಿಯಿತು.

ಮುಂದಿನ ಶನಿವಾರ ಹತ್ತು ಗಂಟೆಗೆ ಅವರ ಊಟದ ಮೇಜಿನ ಸುತ್ತ ಅಪಾಯ ವಿಮರ್ಶೆಯ ಸಭೆ ಸೇರಿತು. ಅವರ ಸ್ಥಾವರಗಳಲ್ಲಿ ಒಂದು ತಿರುಪು ತಿರುಗಿಸುವ ಮೊದಲೂ ಇಂಥ ಸಭೆ ನಡೆಯುತ್ತದಂತೆ. ಪ್ರತಿಯೊಂದು ಕೊಳವೆಗೂ ಹೆಚ್ಚಾದರೆ ಏನು, ಕಡಿಮೆಯಾದರೆ ಏನು, ತಿರುಗಿ ಹರಿದರೆ ಏನು, ಹರಿಯದೇ ಹೋದರೆ ಏನು ಎಂದು ಕೇಳಬೇಕು, ಉತ್ತರ ಬರೆದುಕೊಳ್ಳಬೇಕು. ಅಧ್ಯಕ್ಷರು ಶಿವಬಸವ್ವ. ಬರೆದುಕೊಳ್ಳುವವರು ಚಿದಾನಂದ. ಹೊರಗಿನ ಪರಿಣತರೊಬ್ಬರು ಇರಲೇಬೇಕೆಂಬ ನಿಯಮವಿದ್ದುದರಿಂದ ನನ್ನನ್ನು ಕರೆದಿದ್ದರು. ನಾನು ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಮಾಡಿದವಳು.

"ಗಾಳಿ ಹೆಚ್ಚಾದ್ರ ಏನಾಗ್ತದ?" ಎಂದು ಅವರು ನನ್ನನ್ನೇ ನೋಡಿದರು.

"ಕೂದಲು ಹಾರುತ್ತೆ," ಅಂದೆ.

"ಬರಕೊಳ್ರಿ," ಎಂದರು ಗಂಡನಿಗೆ. ಚಿದಾನಂದ ಬರೆದುಕೊಂಡರು.

ಮಧ್ಯಾಹ್ನ ಎರಡರವರೆಗೆ ನಡೆಯಿತು. ಮೊಸರನ್ನಕ್ಕೆ ಒಮ್ಮೆ ಬಿಡುವು. ಹದಿಮೂರು ಅಪಾಯಗಳನ್ನು ಪಟ್ಟಿ ಮಾಡಿ ಮುಗಿಸುವಾಗ ಸಾನ್ವಿ ಫೋನಿನಿಂದ ತಲೆಯೆತ್ತದೆ, "ವಾಟ್ ಇಫ್ ಮಾಮ್ ಈಸ್ ರಾಂಗ್?" ಎಂದಳು. ಚಿದಾನಂದರ ಪೆನ್ನು ಗಾಳಿಯಲ್ಲೇ ನಿಂತಿತು. ಶಿವಬಸವ್ವ ಸಿಟ್ಟಾಗಲಿಲ್ಲ, ಸಭೆಯಲ್ಲಿ ಯಾರು ಏನು ಕೇಳಿದರೂ ದಾಖಲಾಗಬೇಕು. ಹದಿನಾಲ್ಕನೆಯದಾಗಿ ಬರೆಸಿ, ಎದುರಿನ ಅಂಕಣದಲ್ಲಿ 'ಸಂಭವ ಅತ್ಯಲ್ಪ' ಎಂದು ತಾವೇ ಹಾಕಿದರು.

ವ್ಯಾನಿನಲ್ಲಿ ಗ್ಯಾಸು ಕಡಿಮೆಯಾಗಿದೆ ಎಂಬುದು ಸಭೆಯ ತೀರ್ಮಾನ. ಬಿಡಿಭಾಗದ ಅಂಗಡಿಯಲ್ಲಿ ಏಸಿಗೆ ಹಾಕುವ ಗ್ಯಾಸು ಡಬ್ಬಿಯಲ್ಲಿ ಸಿಗುತ್ತದೆ. ಜೊತೆಗೊಂದು ರಬ್ಬರ್ ಕೊಳವೆ, ಅದಕ್ಕೊಂದು ಮುಳ್ಳಿನ ಮಾಪಕ. ಮಾಪಕದ ಮೇಲೆ ಹಸಿರು, ಹಳದಿ, ಕೆಂಪು ಬಣ್ಣ ಬಳಿದಿರುತ್ತದೆ. ಹಸಿರಿನಲ್ಲಿ ಮುಳ್ಳು ನಿಂತರೆ ಸಾಕು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಬಣ್ಣ ನೋಡಿ ಶಿವಬಸವ್ವನವರಿಗೆ ಅವಮಾನವಾಯಿತು. "ಇದೇನ್ ಬಾಲವಾಡಿ ಅದ ಏನ್ರಿ?" ಎಂದು ಅವರು ಮಾಪಕವನ್ನು ಕಿತ್ತಿಟ್ಟು, ಆಫೀಸಿನ ರೀತಿಯಲ್ಲಿ ಒತ್ತಡ, ತಾಪಮಾನ, ತೇವಾಂಶ ಎಲ್ಲ ಸೇರಿಸಿ ಲೆಕ್ಕ ಕಟ್ಟಿದರು. ಲೆಕ್ಕ ಹನ್ನೊಂದು ಪುಟವಾಯಿತು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಗ್ಯಾಸು ತುಂಬಿದರು. ಶಿವಬಸವ್ವನವರ ತಲೆಗೆ ಆಫೀಸಿನ ಬಿಳಿ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಕೈಗೆ ಗವಸು. ಹತ್ತು ಅಡಿ ದೂರದಲ್ಲಿ ಚಿದಾನಂದ ಬೆಂಕಿ ಆರಿಸುವ ಸಿಲಿಂಡರು ಹಿಡಿದು, ಕೊರಳಿಗೆ ಸೀಟಿ ಕಟ್ಟಿಕೊಂಡು ನಿಂತಿದ್ದರು. ಏನಾದರೂ ಹೆಚ್ಚುಕಡಿಮೆಯಾದರೆ ಮೂರು ಸಲ ಊದಬೇಕು. ಪಕ್ಕದ ಮನೆಯ ನಾಯಿ ಬೊಗಳಿದ್ದಕ್ಕೆ ಅವರು ಒಮ್ಮೆ ಊದಿದರು. ಅಷ್ಟಕ್ಕೇ ಶಿವಬಸವ್ವ ಡಬ್ಬಿ ಬಿಟ್ಟು ಬೀದಿಯ ಕೊನೆಯವರೆಗೆ ಓಡಿದರು, ಅದು ನಿಯಮ. ಅಲ್ಲಿ ನಿಂತು ತಲೆ ಎಣಿಸಿ ವಾಪಸು ಬಂದರು.

ವ್ಯಾನು ತಣ್ಣಗಾಯಿತು. ನಾವೆಲ್ಲ ಹತ್ತಿ ಕೂತು ಚಪ್ಪಾಳೆ ತಟ್ಟಿದೆವು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಬಿಸಿಗಾಳಿ.

"ಸೋರ್ತದ," ಎಂದರು ಶಿವಬಸವ್ವ.

ಸೋರುವ ಜಾಗ ಹುಡುಕಲು ಒಂದು ಬಣ್ಣವಿದೆ. ಗ್ಯಾಸಿನ ಜೊತೆ ಸೇರಿಸಿದರೆ ಎಲ್ಲಿ ಸೋರುತ್ತದೋ ಅಲ್ಲಿ ಹೊರಗೆ ಬರುತ್ತದೆ. ನೇರಳೆ ದೀಪ ಹಾಕಿ ನೋಡಿದರೆ ಹಸಿರಾಗಿ ಹೊಳೆಯುತ್ತದೆ. ಕತ್ತಲೆ ಬೇಕು. ಮುಂದಿನ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಮನೆಗೆ ಅಂಟಿದ ಕಾರು ನಿಲ್ಲಿಸುವ ಗ್ಯಾರೇಜಿನ ಬಾಗಿಲೆಳೆದು, ಕಿಟಕಿಗೆ ಸೋಲಾಪುರದ ಚಾದರ ಹೊದಿಸಿ ಕತ್ತಲೆ ಮಾಡಿದರು. ಒಳಗೆ ಸೆಕೆ ಎಷ್ಟಿತ್ತೆಂದರೆ ಚಿದಾನಂದರ ಕನ್ನಡಕ ಒಳಗಿನಿಂದ ಬೆವರಿತು. ಶಿವಬಸವ್ವ ದೀಪ ಹಾಕಿದರು. ಏಸಿಯ ಕೊಳವೆಗಳ ಮೇಲೆ, ಕೀಲುಗಳ ಮೇಲೆ, ಎಲ್ಲೂ ಏನೂ ಹೊಳೆಯಲಿಲ್ಲ. ಹಿಂದಿನ ದಿನ ಬಣ್ಣ ತುಂಬುವಾಗ ಗವಸಿಗೆ ಚೆಲ್ಲಿದ್ದನ್ನು ಅವರು ಗಮನಿಸಿರಲಿಲ್ಲ. ದೀಪ ಈ ಕಡೆ ತಿರುಗಿತು. ಬಾಗಿಲ ಹಿಡಿ ಹೊಳೆಯಿತು. ಸಾನ್ವಿಯ ಸ್ಕೂಲ್ ಬ್ಯಾಗು ಹೊಳೆಯಿತು. ಅಲ್ಲಿದ್ದ ಹೆಚ್ಚುವರಿ ಫ್ರಿಜ್ಜು, ಅದರೊಳಗಿನ ಶೇಂಗಾ ಚಟ್ನಿಪುಡಿಯ ಡಬ್ಬಿ ಹೊಳೆದವು. ಕೊನೆಗೆ ದೀಪ ಚಿದಾನಂದರ ಮುಖಕ್ಕೆ ಬಿದ್ದಾಗ ಅವರ ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳೂ ಕತ್ತಲೆಯಲ್ಲಿ ಹಸಿರಾಗಿ ಉರಿದವು.

ಸಂಹಿತಾ ಚೀರಿದಳು. ನಾನು ಅರಿವಿಲ್ಲದೆ ಕೈ ಮುಗಿದುಬಿಟ್ಟೆ.

"ಏನಾತು? ಏನಾತು?" ಎಂದು ಚಿದಾನಂದ ಗಾಬರಿಯಾದರು. ಅವರಿಗೆ ತಮ್ಮ ಹಣೆ ಕಾಣಿಸುತ್ತಿರಲಿಲ್ಲ.

"ನಿಮ್ಮ ಕಡಿಂದ ಸೋರ್ತದ," ಎಂದರು ಶಿವಬಸವ್ವ, ನಗದೆ. ವಿಭೂತಿಯ ಗಟ್ಟಿಯನ್ನು ಹಿಂದಿನ ದಿನ ಗವಸಿನ ಕೈಯಲ್ಲೇ ಎತ್ತಿಟ್ಟವರು ಅವರೇ ಎಂಬುದು ಆಮೇಲೆ ಹೊಳೆಯಿತು.

ಅಲ್ಲಿಗೆ ಎಲ್ಲೂ ಸೋರುತ್ತಿಲ್ಲ ಎಂದಾಯಿತು. ಆದರೂ ಶಿವಬಸವ್ವ ಎರಡು ವಾರಕ್ಕೊಂದು ಡಬ್ಬಿ ಹಾಕುವುದನ್ನು ಬಿಡಲಿಲ್ಲ. ಹಾಕಿದ ದಿನ ಸ್ವಲ್ಪ ಹೊತ್ತು ತಂಪು, ಮತ್ತೆ ಬಿಸಿ. ಅವರು ಊಟದ ಮಧ್ಯೆ ಚಪಾತಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದರಂತೆ. ಒಂದು ಸಂಜೆ ವಾಕಿಂಗಿನಲ್ಲಿ ಸಿಕ್ಕಾಗ ನನ್ನ ತೋಳು ಹಿಡಿದು, "ಮಧುರಾ ಅವರ, ಕತಾರಿನ್ಯಾಗ ಇದರ ಲಕ್ಷಪಟ್ಟು ದೊಡ್ಡದು ಓಡಿಸೇನಿ. ಇದು ನನ್ನ ಮಾತ್ ಕೇಳವಲ್ತು," ಎಂದರು. ಅವರ ದನಿಯಲ್ಲಿ ನಗು ಇರಲಿಲ್ಲ. ಗ್ಯಾರೇಜು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು.

ಆಗಸ್ಟಿನಲ್ಲಿ ಮಕ್ಕಳ ಕೋಲಾಟದ ಅಭ್ಯಾಸ ಶುರುವಾಯಿತು. ಆಸ್ಟಿನ್ನಿನ ಕನ್ನಡ ಬಳಗದವರು ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ನಮ್ಮ ಕಡೆಯ ಎಂಟು ಹುಡುಗಿಯರನ್ನು ಕರೆದಿದ್ದರು. ಪಾಟೀಲರ ಮನೆಯ ಗ್ಯಾರೇಜಿನಲ್ಲೇ ಅಭ್ಯಾಸ. ಒಂದು ದಿನ ಹುಡುಗಿಯರು ಕುಣಿಯುತ್ತಿದ್ದರೆ ಹೊರಗೆ ಶಿವಬಸವ್ವ ವ್ಯಾನಿನ ಬಾನೆಟ್ಟು ಎತ್ತಿ, ಎಂಜಿನ್ ಚಾಲೂ ಇಟ್ಟು, ಒಳಗೆ ದಿಟ್ಟಿಸುತ್ತಿದ್ದರು. ಗ್ಯಾಸನ್ನು ಒತ್ತುವ ಕಂಪ್ರೆಸರಿನ ಮೂತಿಯಲ್ಲಿ ಒಂದು ತಟ್ಟೆಯಿದೆ. ಏಸಿ ಹಾಕಿದಾಗ ಅದು ಗಾಲಿಗೆ ಅಂಟಿಕೊಂಡು ತಿರುಗಬೇಕು. ಅವತ್ತು ಅದು ಅಂಟಿಕೊಳ್ಳದೆ ಸುಮ್ಮನೆ ನಿಂತಿತ್ತು. ಶಿವಬಸವ್ವನವರಿಗೆ ಏನೆನ್ನಿಸಿತೋ, ಒಳಗೆ ಬಂದು ಸಾನ್ವಿಯ ಕೈಯಿಂದ ಒಂದು ಕೋಲು ಕಿತ್ತುಕೊಂಡು ಹೋಗಿ, ಆ ತಟ್ಟೆಗೆ ಒಂದು ಏಟು ಕೊಟ್ಟರು. ಶುದ್ಧ ಸಿಟ್ಟಿನ ಏಟು.

ಟಕ್ ಎಂದಿತು. ತಟ್ಟೆ ಅಂಟಿಕೊಂಡು ತಿರುಗತೊಡಗಿತು. ಒಳಗೆ ಕೂತಿದ್ದ ಚಿದಾನಂದ, "ಬಂತ್! ಬಂತ್! ಥಂಡ್ ಬಂತ್!" ಎಂದು ಕೂಗಿದರು.

ಬೇರೆಯವರಾಗಿದ್ದರೆ ಅಷ್ಟಕ್ಕೆ ಎಚ್ಚೆತ್ತು ಗ್ಯಾರೇಜಿಗೆ ಹೋಗುತ್ತಿದ್ದರು. ಶಿವಬಸವ್ವ ಕಾರ್ಯವಿಧಾನ ಬರೆದರು. ಎರಡು ಕೋಲುಗಳನ್ನು ಟೇಪಿನಿಂದ ಸುತ್ತಿ ಉದ್ದ ಮಾಡುವುದು ಮೊದಲ ಹಂತ. ಹೆಲ್ಮೆಟ್ಟು, ಕನ್ನಡಕ ಕಡ್ಡಾಯ. ತಿರುಗುವ ಬೆಲ್ಟಿನ ಹತ್ತಿರ ಸೆರಗು, ದುಪಟ್ಟಾ, ಟೈ, ಬಿಚ್ಚಿದ ಜಡೆ ನಿಷಿದ್ಧ. ಹೊಡೆಯುವವರು ಚಿದಾನಂದ. "ರೆಡಿ?" ಎಂದು ಅವರು ಕೇಳಬೇಕು; "ರೆಡಿ" ಎಂದು ಒಳಗಿನವರು ಎನ್ನಬೇಕು; ಆಮೇಲೆ ಏಟು. ಎಂಜಿನ್ ಕಾದಷ್ಟೂ ತಟ್ಟೆ ಬಿಟ್ಟುಕೊಳ್ಳುತ್ತಿತ್ತು, ಹಾಗಾಗಿ ದಾರಿಯಲ್ಲಿ ಎರಡು ಮೂರು ಸಲ ಹೊಡೆಯಬೇಕಾಗುತ್ತಿತ್ತು. ಆ ತಿಂಗಳು ಕೇಟಿಯ ಕಿರಾಣಿ ಅಂಗಡಿಯ ಮುಂದೆ, ಗ್ರಂಥಾಲಯದ ಮುಂದೆ, ಸಾನ್ವಿಯ ಹಲ್ಲಿನ ಡಾಕ್ಟರ ಮುಂದೆ, ಬಿಳಿ ಹೆಲ್ಮೆಟ್ಟಿನ ಚಿದಾನಂದ ಬಾನೆಟ್ಟಿನೊಳಗೆ ಬಗ್ಗಿ "ರೆಡಿ?" ಎನ್ನುವುದನ್ನು ಊರೆಲ್ಲ ಕಂಡಿತು. ಒಮ್ಮೆ ಐ-ಟೆನ್ ಹೆದ್ದಾರಿಯಲ್ಲಿ ಅಪಘಾತವಾಗಿ ಗಾಡಿಗಳೆಲ್ಲ ಮುಕ್ಕಾಲು ಗಂಟೆ ನಿಂತಲ್ಲೇ ನಿಂತಾಗ ಅವರು ಅಲ್ಲಿಯೂ ಇಳಿದು ಹೊಡೆದರಂತೆ. ಅಕ್ಕಪಕ್ಕದ ಗಾಡಿಯವರು ಹಾರ್ನ್ ಮಾಡಿ ಉತ್ತೇಜಿಸಿದರಂತೆ.

"ಅಲ್ಲ ಚಿದಾನಂದ್, ನಿಮಗೆ ಬೇಜಾರಾಗಲ್ವಾ?" ಎಂದು ನಾನು ಕೇಳಿದ್ದೆ.

"ಇಲ್ರೀ," ಎಂದರು ಅವರು, ಪ್ರಾಮಾಣಿಕವಾಗಿ. "ನಾ ಹೊಡದ ಕೂಡ್ಲೆ ಕೆಲಸಾ ಆಗೂದು ನನ್ನ ಜೀವಮಾನದಾಗ ಇದೊಂದ ನೋಡ್ರಿ."

ಕಾರ್ಯಕ್ರಮ ಸೆಪ್ಟೆಂಬರಿನ ಒಂದು ಶನಿವಾರ, ಮಧ್ಯಾಹ್ನ ಮೂರಕ್ಕೆ. ನನ್ನ ಗಂಡ ಸತ್ಯಪ್ರಕಾಶ ಮೂರು ಹುಡುಗಿಯರನ್ನು ನಮ್ಮ ಕಾರಿನಲ್ಲಿ ಕೂರಿಸಿಕೊಂಡು ಮುಂದೆ ಹೋದ. ಉಳಿದ ಐದು ಹುಡುಗಿಯರು, ನಾನು, ಪಾಟೀಲ ದಂಪತಿ ವ್ಯಾನಿನಲ್ಲಿ. ಕೋಲುಗಳ ಕಟ್ಟೂ ಪೂರ್ತಿ ನಮ್ಮ ಹತ್ತಿರವೇ. ಆಸ್ಟಿನ್ನಿಗೆ ಹೋಗಲು ಇನ್ನೊಂದು ಗಾಡಿ ಕೇಳೋಣ ಎಂದು ನಾನು ಮೆಲ್ಲಗೆ ಹೇಳಿದ್ದೆ. "ದೂರದ ಪರೀಕ್ಷಾ ಆಗಬೇಕಲ್ರೀ," ಎಂದಿದ್ದರು ಶಿವಬಸವ್ವ. ಅವರು ಅಂದು ಉಟ್ಟದ್ದು ಇಳಕಲ್ ಸೀರೆ. ಸೆರಗನ್ನು ನಿಯಮದ ಪ್ರಕಾರ ಸೊಂಟಕ್ಕೆ ಬಿಗಿದಿದ್ದರು.

ಕೊಲಂಬಸ್ಸಿನವರೆಗೆ ಎರಡು ಏಟಿನಲ್ಲಿ ಹೋದೆವು. ಅಲ್ಲಿಂದ ಎಪ್ಪತ್ತೊಂದನೇ ಹೆದ್ದಾರಿಗೆ ತಿರುಗಿದ ಮೇಲೆ ತಟ್ಟೆ ಹಟ ಹಿಡಿಯಿತು. ಹೊರಗೆ ಫ್ಯಾರನ್‌ಹೀಟಿನ ನೂರು ಡಿಗ್ರಿ. ಹುಡುಗಿಯರ ಕಾಡಿಗೆ ಕರಗಿ ಇಳಿಯುತ್ತಿತ್ತು. ಲಾ ಗ್ರೇಂಜ್ ಎಂಬ ಊರಿನ ಹತ್ತಿರ ಹುಲ್ಲಿನ ಪಕ್ಕದಲ್ಲಿ ವ್ಯಾನು ನಿಲ್ಲಿಸಿದರು. ಚಿದಾನಂದ ಇಳಿದು ಹೊಡೆದರು. ಅಂಟಲಿಲ್ಲ. ಮತ್ತೆ ಹೊಡೆದರು. ಶಿವಬಸವ್ವ ತಾವೇ ಇಳಿದು ಇನ್ನೊಂದು ಕೋಲು ಹಿಡಿದು ಆ ಕಡೆಯಿಂದ ಹೊಡೆದರು. ಸೆಕೆ ತಾಳದೆ ಹುಡುಗಿಯರೂ ಒಬ್ಬೊಬ್ಬರಾಗಿ ಇಳಿದರು. ಕೈಯಲ್ಲಿ ಕೋಲಿದ್ದುದರಿಂದಲೋ ಏನೋ, ಐವರೂ ರಸ್ತೆಯ ಬದಿಯಲ್ಲಿ ಅಭ್ಯಾಸಕ್ಕೆ ನಿಂತರು. ಟಕ್ ಟಕ್ ಸದ್ದು ಎರಡೂ ಕಡೆಯಿಂದ ಬರುತ್ತಿತ್ತು.

ಪೊಲೀಸ್ ಗಾಡಿ ಬಂದು ನಿಂತದ್ದು ಆಗಲೇ. ಇಳಿದವನು ಎತ್ತರದ, ಕೆಂಪು ಮೀಸೆಯ ಯುವಕ. ಅವನು ಮೊದಲು ಬಾನೆಟ್ಟಿನ ಕಡೆ ನೋಡಿದ, ಆಮೇಲೆ ಹುಡುಗಿಯರ ಕಡೆ, ಆಮೇಲೆ ಹೆಲ್ಮೆಟ್ಟಿನ ಕಡೆ. ಯಾವುದರಿಂದ ಶುರುಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ.

"ಮ್ಯಾಮ್, ಈ ಗಾಡಿ ನಿಮ್ಮದೇನಾ?" ಎಂದ, ಇಂಗ್ಲಿಷಿನಲ್ಲಿ.

"ನಮ್ಮದೇ," ಎಂದರು ಶಿವಬಸವ್ವ.

"ಹಾಗಾದರೆ ಅದನ್ನು ಯಾಕೆ ಹೊಡೆಯುತ್ತಿದ್ದೀರಿ?"

"ಇದು ಲಿಖಿತ ಕಾರ್ಯವಿಧಾನ," ಎಂದು ಅವರು ಕೈಚೀಲದಿಂದ ಕಾಗದ ತೆಗೆದು ಕೊಟ್ಟರು. ಅವನು ನಾಲ್ಕು ಪುಟವನ್ನೂ ನಿಂತು ಓದಿದ. ಟೈ ನಿಷಿದ್ಧ ಎಂಬಲ್ಲಿ ತನ್ನ ಟೈ ಮುಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಇವು ಎಂಥ ಕೋಲುಗಳು?"

"ಕೋಲಾಟ," ಎಂದಳು ಸಾನ್ವಿ.

"ಕೊಲಾಚೆ?" ಅವನ ಮುಖ ಅರಳಿತು.

ಲಾ ಗ್ರೇಂಜ್ ಹಳೆಯ ಕಾಲದಲ್ಲಿ ಚೆಕ್ ಜನ ಬಂದು ನೆಲೆಸಿದ ಊರು. ನಡುವೆ ಹಣ್ಣಿನ ಹೂರಣ ತುಂಬಿದ, ದುಂಡಗಿನ ಮೆತ್ತನೆಯ ಬನ್ನಿಗೆ ಅವರು ಕೊಲಾಚೆ ಎನ್ನುತ್ತಾರೆ. ಆ ಬನ್ನಿಗೂ ಕೋಲಿಗೂ ಸಂಬಂಧವಿಲ್ಲ ಎಂದು ನಾವು ಎಷ್ಟು ಹೇಳಿದರೂ ಅವನಿಗೆ ಸಮಾಧಾನವಾಗಲಿಲ್ಲ. ಇದು ಹಿಟ್ಟು ಬಡಿಯುವ ಕೋಲಿರಬೇಕು, ನಿಮ್ಮ ಕಡೆ ಅದಕ್ಕೆ ನೃತ್ಯವೂ ಇದೆ, ಎಷ್ಟು ಚೆನ್ನ ಎಂದ. ಅವನ ಚಿಕ್ಕಮ್ಮನದು ಊರಿನಲ್ಲಿ ಕೊಲಾಚೆ ಅಂಗಡಿ. ಅದರ ಹಿಂದೆಯೇ ಚಿಕ್ಕಪ್ಪ ಎಮಿಲನ ಗ್ಯಾರೇಜು. "ನನ್ನ ಹಿಂದೆ ಬನ್ನಿ," ಎಂದು ಗಾಡಿ ಹತ್ತಿ ದೀಪ ಮಿನುಗಿಸಿದ.

ಹೀಗೆ ಶಿವಬಸವ್ವ ಗ್ಯಾರೇಜಿಗೆ ಹೋದರು, ಪೊಲೀಸ್ ಬೆಂಗಾವಲಿನಲ್ಲಿ. ದಾರಿಯುದ್ದಕ್ಕೂ ಸ್ಟಿಯರಿಂಗ್ ಬಿಗಿಯಾಗಿ ಹಿಡಿದಿದ್ದರು.

ಎಮಿಲ್ ಎಪ್ಪತ್ತೆಂಟರ ಮುದುಕ. ಬಗ್ಗಿದ ಬೆನ್ನು, ಕಿವಿಯಲ್ಲಿ ಬಿಳಿ ಕೂದಲು. ಬಾನೆಟ್ಟು ಎತ್ತಿ, ಏಸಿ ಹಾಕಲು ಹೇಳಿ, ಏನನ್ನೂ ಮುಟ್ಟದೆ ತಲೆ ವಾರೆ ಮಾಡಿ ನಿಂತ. ಆಮೇಲೆ ಮಾಪಕ ಹಚ್ಚಿದ. ಮುಳ್ಳು ನೋಡಿ ಹುಬ್ಬು ಮೇಲೇರಿತು.

"ಇದಕ್ಕೆ ಗ್ಯಾಸು ತುಂಬಿದವರು ಯಾರು?"

ಚಿದಾನಂದ ಒಂದು ಹೆಜ್ಜೆ ಮುಂದೆ ಬಂದು, "ನಾನು," ಎಂದರು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವರು ಹೇಳಿದ ದೊಡ್ಡ ಸುಳ್ಳು ಅದೇ ಇರಬೇಕು.

"ಇಲ್ಲ, ನಾನು," ಎಂದರು ಶಿವಬಸವ್ವ.

"ಇನ್ನೊಂದು ಗಾಡಿಗೆ ಆಗುವಷ್ಟಿದೆ," ಎಂದು ಎಮಿಲ್ ಒಂದು ಯಂತ್ರ ಹಚ್ಚಿ ಗ್ಯಾಸನ್ನೆಲ್ಲ ಹೀರಿ ತೆಗೆದ. ಆಮೇಲೆ ಅಂಗಡಿಯಿಂದ ಒಂದು ರಟ್ಟಿನ ಕಾರ್ಡು ತರಿಸಿದ. ಹತ್ತು ಕೊಲಾಚೆ ಕೊಂಡರೆ ಹನ್ನೊಂದನೆಯದು ಉಚಿತ ಎಂದು ತೂತು ಹೊಡೆದುಕೊಡುವ ಕಾರ್ಡು. ಅದನ್ನು ತಟ್ಟೆಗೂ ಗಾಲಿಗೂ ನಡುವಿನ ಸಂದಿನಲ್ಲಿ ತೂರಿಸಿದ. ಒಂದು ಕಾರ್ಡು ಸಡಿಲವಾಗಿ ಹೋಯಿತು. ಎರಡು ಹೋದವು. ಮೂರೂ ಹೋದವು. "ಒಂದು ಹಿಡಿದು ನಿಲ್ಲಬೇಕು," ಎಂದ. ತಟ್ಟೆ ಸವೆದು ಸವೆದು ಸಂದು ದೊಡ್ಡದಾಗಿತ್ತು. ಬಿಸಿಯಾದಾಗ ಆ ದೂರವನ್ನು ಅದು ದಾಟಲಾರದೆ ನಿಂತುಬಿಡುತ್ತಿತ್ತು. ನಟ್ಟು ಬಿಚ್ಚಿ, ತಟ್ಟೆ ಎಳೆದು, ಅದರ ಹಿಂದಿನಿಂದ ಉಗುರಿನಷ್ಟು ತೆಳ್ಳಗಿನ ಒಂದು ಉಂಗುರ ತೆಗೆದ. ಮತ್ತೆ ಜೋಡಿಸಿ ನಟ್ಟು ಬಿಗಿದ. ಒಂದು ಕಾರ್ಡು ಹಿಡಿದು ನಿಂತಿತು.

"ಏನು ಹಾಕಿದಿರಿ?" ಎಂದು ಶಿವಬಸವ್ವ ಕೇಳಿದರು.

"ಹಾಕಲಿಲ್ಲ. ತೆಗೆದೆ."

ಅವರು ಆ ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮೂರು ತಿಂಗಳಿಂದ ಅವರು ಹಾಕಿದ್ದೇ ಹಾಕಿದ್ದು. ಅಳುತ್ತಾರೇನೋ ಎಂದುಕೊಂಡು ನಾನು ಹತ್ತಿರ ಹೋದೆ. ಅವರು ಅಳಲಿಲ್ಲ. "ನಿಮಗ ಹೆಂಗ ಗೊತ್ತಾತು?" ಎಂದು ಮುದುಕನನ್ನು ಕನ್ನಡದಲ್ಲೇ ಕೇಳಿದರು. ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ ಕೇಳಿದರು.

"ಕೇಳಿಸಿತು," ಎಂದ ಎಮಿಲ್. "ಅಂಟಬೇಕು ಅನ್ನುತ್ತಿತ್ತು, ಆಗುತ್ತಿರಲಿಲ್ಲ." ಆಮೇಲೆ ಗ್ಯಾಸು ತೂಕ ಮಾಡಿ ತುಂಬುತ್ತ, "ನೀವು ಏನು ಕೆಲಸ ಮಾಡುತ್ತೀರಿ?" ಎಂದ.

ಶಿವಬಸವ್ವ ನಮ್ಮೆಲ್ಲರ ಕಡೆ ಒಮ್ಮೆ ನೋಡಿದರು. "ಗ್ಯಾಸು ತಣ್ಣಗೆ ಮಾಡುತ್ತೇನೆ," ಎಂದರು, ಮೆಲುದನಿಯಲ್ಲಿ.

"ಎಷ್ಟು ತಣ್ಣಗೆ?"

"ಸೊನ್ನೆಗಿಂತ ನೂರ ಅರವತ್ತೆರಡು ಕೆಳಗೆ."

ಎಮಿಲ್ ಸಿಳ್ಳೆ ಹಾಕಿದ. ಸ್ವಲ್ಪ ಯೋಚಿಸಿ, "ಕಾರಿಗೆ ಅದು ಹೆಚ್ಚಾಯಿತು," ಎಂದ. ತಮಾಷೆಗಲ್ಲ. ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರಳಿಗೆ ಕೊಡುವ ಸಲಹೆಯಾಗಿ.

ಹುಡುಗಿಯರು ಏಪ್ರಿಕಾಟ್ ಕೊಲಾಚೆ ತಿಂದು ಲಂಗಗಳ ಮೇಲೆ ಕಿತ್ತಳೆ ಬಣ್ಣದ ಕಲೆ ಮಾಡಿಕೊಂಡಿದ್ದರು. ಹೊರಡುವ ಮೊದಲು ಪೊಲೀಸನ ಚಿಕ್ಕಮ್ಮ ಒಂದು ಕುಣಿತ ತೋರಿಸಲೇಬೇಕೆಂದಳು. ಐದೇ ಜನ ಇದ್ದುದರಿಂದ ಆರನೆಯ ಜಾಗಕ್ಕೆ ಪೊಲೀಸನೇ ನಿಂತ. ಹಿಟ್ಟು ಬಡಿಯುವ ಹಾಗೆ ಮೇಲಿಂದ ಕೆಳಕ್ಕೆ ಹೊಡೆಯುತ್ತಿದ್ದ. ಸಂಹಿತಾಳ ಬೆರಳಿಗೆ ಎರಡು ಸಲ ಬಿತ್ತು. ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಲ್ಲಿಂದ ಆಸ್ಟಿನ್ನಿನವರೆಗಿನ ಅರವತ್ತೈದು ಮೈಲಿ ನಾನು ಮರೆಯುವುದಿಲ್ಲ. ಶಿವಬಸವ್ವ ಏಸಿಯನ್ನು ಪೂರ್ತಿ ತಿರುಗಿಸಿದರು. ಸ್ಮಿತ್‌ವಿಲ್ ದಾಟುವಾಗ ಹುಡುಗಿಯರು ಕೈ ಉಜ್ಜಿಕೊಂಡರು. ಬ್ಯಾಸ್ಟ್ರಪ್ಪಿನ ಹೊತ್ತಿಗೆ ಸಂಹಿತಾಳ ಹಲ್ಲು ಕಟಕಟಿಸುತ್ತಿತ್ತು. "ಮಾಮ್, ಕ್ಯಾನ್ ಯೂ ಟರ್ನ್ ಇಟ್ ಡೌನ್?" ಎಂದಳು ಸಾನ್ವಿ.

"ಇಲ್ಲ," ಎಂದರು ಶಿವಬಸವ್ವ.

"ಶಿವಾ, ಸ್ವಲ್ಪ…" ಎಂದರು ಚಿದಾನಂದ.

"ಇಲ್ಲ."

ಅವರ ಮುಖದಲ್ಲಿ ಎಂಥ ಹೊಳಪಿತ್ತೆಂದರೆ ನಮಗೆ ಯಾರಿಗೂ ಮೂರನೆಯ ಸಲ ಕೇಳುವ ಮನಸ್ಸಾಗಲಿಲ್ಲ. ವೇದಿಕೆಗೆ ಹಾಸಲೆಂದು ತಂದಿದ್ದ ಜಮಖಾನೆ ಬಿಚ್ಚಿ ಹೊದ್ದುಕೊಂಡೆವು. ಚಿದಾನಂದ ಹೆಲ್ಮೆಟ್ಟು ತೆಗೆಯಲೇ ಇಲ್ಲ. ಕಿವಿಗೆ ಬೆಚ್ಚಗಿರುತ್ತದೆ ಎಂದರು.

ಮೂರಕ್ಕೆ ಇದ್ದ ಕೋಲಾಟಕ್ಕೆ ನಾವು ಆಸ್ಟಿನ್ನಿನ ಸಭಾಂಗಣ ತಲುಪಿದ್ದು ನಾಲ್ಕೂ ಕಾಲಿಗೆ. ನೂರು ಡಿಗ್ರಿ ಬಿಸಿಲಿನಲ್ಲಿ ಐದು ಹುಡುಗಿಯರು ಒಂದೇ ಜಮಖಾನೆ ಹೊದ್ದು ನಡುಗುತ್ತ ಇಳಿದುದನ್ನು ಕಂಡ ಕಾರ್ಯದರ್ಶಿ ಮೋಹನರಾಜ ಅವರು, "ಮಕ್ಕಳಿಗೆಲ್ಲ ಒಟ್ಟಿಗೇ ಜ್ವರಾನಾ?" ಎಂದು ಕೇಳಿ, ಡಾಕ್ಟರು ಯಾರಾದರೂ ಇದ್ದರೆ ಬನ್ನಿ ಎಂದು ಮೈಕಿನಲ್ಲಿ ಕೂಗಿಸಿದರು. ಕನ್ನಡಿಗರ ಸಭೆಯಲ್ಲವೇ, ಮೂವರು ಡಾಕ್ಟರು ಬಂದರು. ಮೂವರೂ ನಾಡಿ ನೋಡಿ ಏನೂ ಇಲ್ಲ ಎಂದ ಮೇಲೆ, ಅಧ್ಯಕ್ಷ ಭಾಷಣ ಮುಗಿದು, ಕೊನೆಗೆ ಕೋಲಾಟ ನಡೆಯಿತು. ಚೆನ್ನಾಗಿಯೇ ನಡೆಯಿತು. ಎರಡು ಕೋಲು ಒಂದಕ್ಕೊಂದು ಟೇಪಿನಲ್ಲಿ ಅಂಟಿಕೊಂಡೇ ಇದ್ದುದರಿಂದ ಸಾನ್ವಿ ಮಾತ್ರ ಉದ್ದ ಕೋಲು ಹಿಡಿದು ನಡುವೆ ನಿಂತಳು. ನೋಡಿದವರು ಅದು ಉತ್ತರ ಕರ್ನಾಟಕದ ಶೈಲಿ ಎಂದುಕೊಂಡರು.

ಅಂದಿನಿಂದ ಶಿವಬಸವ್ವ ಆ ವ್ಯಾನಿನ ಬಾನೆಟ್ಟನ್ನು ಕೇಟಿಯಲ್ಲಿ ಎತ್ತಿಲ್ಲ. ಆಯಿಲ್ ಬದಲಿಸಲೂ ಎಪ್ಪತ್ತೈದು ಮೈಲಿ ದೂರದ ಲಾ ಗ್ರೇಂಜಿಗೇ ಹೋಗುತ್ತಾರೆ. ತಿಂಗಳಿಗೊಂದು ಶನಿವಾರ ಎಮಿಲನ ಗ್ಯಾರೇಜಿನಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಅವನು ಎತ್ತಿದ ಪ್ರತಿ ಬಾನೆಟ್ಟಿನ ಮುಂದೆ ತಲೆ ವಾರೆ ಮಾಡಿ ಕೇಳುತ್ತಾರೆ. ಅವನು ಏನು ಕೇಳಿಸಿತು ಎಂದು ವಿಚಾರಿಸುತ್ತಾನೆ, ಇವರು ಹೇಳುತ್ತಾರೆ, ಅವನು ಅಲ್ಲ ಎಂದು ತಲೆಯಾಡಿಸುತ್ತಾನೆ. ಹೊತ್ತು ಹೋಗುವುದೇ ತಿಳಿಯುವುದಿಲ್ಲ ಎನ್ನುತ್ತಾರೆ ಜೊತೆಗೆ ಹೋಗುವ ಚಿದಾನಂದ. ಅವರಿಗೆ ಅಂಗಡಿಯಲ್ಲಿ ಕೊಲಾಚೆ ಇದೆ.

ಮರುವರ್ಷ ಸಮುದ್ರತೀರದ ಹೊಸ ಸ್ಥಾವರವೊಂದರ ತಪಾಸಣೆಗೆ ಶಿವಬಸವ್ವನವರನ್ನು ಕಳಿಸಿದರು. ಮನೆಯಷ್ಟು ದೊಡ್ಡ ಕಂಪ್ರೆಸರೊಂದರ ಮುಂದೆ ಅವರು ಹೆಲ್ಮೆಟ್ಟು ವಾರೆ ಮಾಡಿ, ಕಣ್ಣು ಮುಚ್ಚಿ ಹತ್ತು ನಿಮಿಷ ನಿಂತರಂತೆ. ಜೊತೆಗಿದ್ದ ಅಮೆರಿಕನ್ ಎಂಜಿನಿಯರುಗಳು ಇದು ಅವರ ಪ್ರಾರ್ಥನೆಯ ಹೊತ್ತಿರಬೇಕೆಂದು ತಿಳಿದು, ತಾವೂ ಹೆಲ್ಮೆಟ್ಟು ತೆಗೆದು ತಲೆ ಬಗ್ಗಿಸಿ ನಿಂತರಂತೆ. ಸುರಕ್ಷತಾ ಅಧಿಕಾರಿ ಬಂದು ಹೆಲ್ಮೆಟ್ಟು ತೆಗೆದವರೆಲ್ಲರ ಹೆಸರನ್ನೂ ಬರೆದುಕೊಂಡನಂತೆ.

"ಏನಾದರೂ ಕೇಳಿಸ್ತಾ?" ಎಂದು ನಾನು ಆಮೇಲೆ ಕೇಳಿದೆ.

"ಏನಿಲ್ರೀ. ಬರೇ ಸದ್ದು," ಎಂದರು ಶಿವಬಸವ್ವ, ಬೇಜಾರಿಲ್ಲದೆ. "ಇನ್ನೂ ಎರಡು ವರ್ಷಾ ಬೇಕಂತ. ಎಮಿಲ್ ಹೇಳ್ಯಾನ."